ಟೋಪಿಯ ಒಳಬದಿ

ಹದಿನಾಲ್ಕನೇ ತಾರೀಖು, ಮಂಗಳವಾರ. ಅಕ್ಷರ ಕೋಳಿ ಕೆದಕಿದ ಹಾಗಿದೆ, ತಪ್ಪುಗಳೂ ಇರಬಹುದು. ನನ್ನದು ನಾಲ್ಕನೇ ಕ್ಲಾಸಿನ ಓದು, ಹೊಟ್ಟೆಗೆ ಹಾಕಿಕೊಳ್ಳಬೇಕು.

ಭೂಕಂಪವಾದ ಹೊರದೇಶದ ಮಕ್ಕಳಿಗೆ ನಮ್ಮ ಕಾರ್ಖಾನೆ ಉಣ್ಣೆ ಟೋಪಿ ಕಳಿಸುತ್ತಿದೆ. ಅದರ ಮುಂದೆ ಕಂಪನಿಯ ಹೆಸರಿನ ಪಟ್ಟಿ ಹೊಲಿಯುವುದು ನನ್ನ ಕೆಲಸ. ನಿನ್ನೆ ಒಂದನ್ನು ಹಾಕಿ ನೋಡಿದೆ. ಪಟ್ಟಿಯ ಹೊಲಿಗೆ ಒಳಗಿಂದ ಚುಚ್ಚಿ ಹಣೆ ಕೆಂಪಾಯಿತು. ಪಟ್ಟಿ ಬೇಡವೆಂದು ಧೈರ್ಯ ಮಾಡಿ ಯಜಮಾನರಿಗೆ ಹೇಳಿದೆ.

“ಫೋಟೋದಲ್ಲಿ ಹೆಸರು ಕಾಣಬೇಕಮ್ಮ, ಮುಂದೆ ಅಲ್ಲೂ ವ್ಯಾಪಾರ ಮಾಡಬೇಕು. ಆಗಲ್ಲ ಅಂದ್ರೆ ನಾಳೆಯಿಂದ ಬರಬೇಡ.”

ಪಕ್ಕದ ಮಿಷನ್ನಿನ ಅಕ್ಕ, “ಟೋಪಿ ಹಾಕೋದು ಅಂದ್ರೆ ಇದೇ ಕಣೇ,” ಎಂದು ನಕ್ಕಳು.

ನನಗೆ ನಗು ಬರಲಿಲ್ಲ. ಹೆಸರಿನ ಆಸೆ ಇಲ್ಲದಿದ್ದರೆ ಅವರು ಒಂದು ಟೋಪಿಯನ್ನೂ ಕಳಿಸುತ್ತಿರಲಿಲ್ಲವೇನೋ. ಆದರೂ ಮನೆ ಕಳೆದುಕೊಂಡ ಮಗುವಿಗೆ ಅದು ರಾತ್ರಿಯೆಲ್ಲ ಚುಚ್ಚಬೇಕೆ?

ಇವತ್ತು ಬೆಳಿಗ್ಗೆ, ಸವೆದು ಮೆತ್ತಗಾದ ನನ್ನ ಹತ್ತಿ ಅಂಗಿಯನ್ನು ಕತ್ತರಿಸಿ ಒಯ್ದೆ. ಪ್ರತಿ ಪಟ್ಟಿಯ ಹಿಂದೆ, ಟೋಪಿಯ ಒಳಬದಿಗೆ, ಹೊಲಿಗೆ ಮುಚ್ಚುವ ಹಾಗೆ ಒಂದೊಂದು ಚೂರು ಇಟ್ಟು ಹೊಲಿದೆ.