ಎಡಗಡೆಯ ಫಲಕ

ಇಸ್ಫಹಾನ್
ಎಸ್ಫಂದ್ ತಿಂಗಳ ಎಂಟನೆಯ ದಿನ

ನನ್ನ ಮುದ್ದು ಗೊಲಂದಾಮ್‌ಗೆ ಅಪ್ಪನ ಆಶೀರ್ವಾದ.

ನಿನ್ನ ಕಾಗದ ಬಂದು ಇಪ್ಪತ್ತು ದಿನವಾಯಿತು. ಉತ್ತರ ಬರೆಯದೆ ಕೂತಿದ್ದಕ್ಕೆ ಬೈದುಬಿಡು, ಬೈಸಿಕೊಳ್ಳಬೇಕಾದವನೇ ನಾನು. ನಾವಿಬ್ಬರೂ ಚೆನ್ನಾಗಿದ್ದೇವೆ. ನಿನ್ನ ಅಮ್ಮನ ಮಂಡಿನೋವು ಇದ್ದಂತೆಯೇ ಇದೆ, ಬಾಯಿ ಮಾತ್ರ ಮೊದಲಿಗಿಂತ ಚುರುಕಾಗಿದೆ. ನದಿಗೆ ಈ ಸಲವೂ ನೀರು ಬಿಟ್ಟಿಲ್ಲ. ಮೂವತ್ತಮೂರು ಕಮಾನಿನ ಸೇತುವೆಯ ಕೆಳಗೆ ಜನ ಚೆಂಡಾಡುತ್ತಿದ್ದಾರೆ.

ನೌರೋಜ್ ಹಬ್ಬಕ್ಕೆ ಅತ್ತೆಯವರನ್ನು ಯಜ್ದ್‌ನಿಂದ ಕರೆತರುತ್ತೇನೆ, ದೊಡ್ಡ ಚೌಕ, ನಲವತ್ತು ಕಂಬದ ಅರಮನೆ ಎಲ್ಲ ಆಮೇಲೆ, ಮೊದಲು ಹಾಜಿ ಸಾಲೆಹ್ ಮಸೀದಿಯ ಮಹಾದ್ವಾರಕ್ಕೇ ಹೋಗುವುದು ಎಂದು ಬರೆದಿದ್ದೀಯ. ಹೆಣ್ಣುಮಗಳು ಅಟ್ಟಣೆ ಹತ್ತಿ ಕೆಲಸ ಮಾಡಿದಳೆಂದರೆ ಅತ್ತೆ ನಗುತ್ತಾರೆ, ನಾನು ಬಣ್ಣದ ಹೆಂಚಿನ ಬಿಲ್ಲೆ ಜೋಡಿಸಿ ಮಾಡಿದ ಫಲಕ ಕಣ್ಣಾರೆ ನೋಡಿದ ಮೇಲೆ ಏನನ್ನುತ್ತಾರೋ ನೋಡೋಣ, ಎಂದೂ ಬರೆದಿದ್ದೀಯ. ಅದನ್ನು ಓದಿದಾಗಿನಿಂದ ನನಗೆ ಊಟ ಸೇರುತ್ತಿಲ್ಲ. ಸುತ್ತಿ ಬಳಸಿ ಹೇಳಲಾರೆ ಮಗಳೇ. ಆ ಫಲಕ ಈಗ ಅಲ್ಲಿಲ್ಲ. ಕಿತ್ತುಹಾಕಿದರು.

ಚಳಿಗಾಲದ ಶುರುವಿನಲ್ಲಿ ದುರಸ್ತಿ ಕೆಲಸಕ್ಕೆ ಹೊಸ ಇಂಜಿನಿಯರ್ ಬಂದ. ಹೆಸರು ಅರ್ದವಾನ್. ಹುಟ್ಟಿದ್ದು ಇಲ್ಲೇ, ಬೆಳೆದದ್ದೆಲ್ಲ ಜರ್ಮನಿಯಲ್ಲಿ. ಅಟ್ಟಣೆ ಹತ್ತಿದವನು ಸೀದಾ ಎಡಗಡೆಯ ನಿನ್ನ ಫಲಕದ ಮುಂದೆ ನಿಂತು, “ಉಸ್ತಾದ್, ಇದು ಯಾರ ಕೈಕೆಲಸ?” ಎಂದ. ಯಾರಾದರೂ ಹೀಗೆ ಕೇಳಿದರೆ ನಾವು ಏನನ್ನುತ್ತೇವೆ ಹೇಳು? ಎದೆಯ ಮೇಲೆ ಕೈಯಿಟ್ಟು, “ಅಯ್ಯೋ ಬಿಡಿ ಸಾಹೇಬ್ರೇ, ನಮ್ಮ ಹುಡುಗಿ ಕಲಿಯೋವಾಗ ಮಾಡಿದ್ದು. ತಮ್ಮಂಥವರು ನೋಡೋ ಅಂಥದ್ದೇನಲ್ಲ” ಎಂದೆ. ನಮ್ಮೂರಿನವನಾಗಿದ್ದರೆ “ಛೆ ಛೆ, ಆ ಕೈಗೆ ಮುತ್ತಿಡಬೇಕು” ಅನ್ನುತ್ತಿದ್ದ. ನಾನು ಇನ್ನೆರಡು ಸಲ ಅಲ್ಲಗಳೆಯುತ್ತಿದ್ದೆ, ಅವನು ಇನ್ನೆರಡು ಸಲ ಹೊಗಳುತ್ತಿದ್ದ, ಆಮೇಲೆ ಇಬ್ಬರೂ ಟೀ ಕುಡಿಯುತ್ತಿದ್ದೆವು. ಈ ಪುಣ್ಯಾತ್ಮ ಜೇಬಿನಿಂದ ಪುಸ್ತಕ ತೆಗೆದು ಬರೆದುಕೊಂಡ! ಎಡ ಫಲಕ, ಕಲಿಯುವವರ ಕೆಲಸ, ಬದಲಿಸಬೇಕು ಅಂತ.

ನಾನು ಒಂದು ಸಾವಿನ ಮನೆಗೆಂದು ನತಂಜ್‌ಗೆ ಹೋಗಿ ನಾಲ್ಕು ದಿನ ಬಿಟ್ಟು ಬಂದೆ. ಅಷ್ಟರಲ್ಲಿ ಮುಗಿದಿತ್ತು. ಮದುವೆಗೆ ಮುಂಚಿನ ವರ್ಷವೆಲ್ಲ ನೀನು ಒಂದೊಂದು ಬಿಲ್ಲೆಯನ್ನೂ ಉಗುರಿನಷ್ಟಕ್ಕೆ ಕಡಿದು, ಅರದಲ್ಲಿ ಉಜ್ಜಿ, ಮುಖ ಕೆಳಗೆ ಮಾಡಿ ಜೋಡಿಸಿ, ಬೆನ್ನಿಗೆ ಗಾರೆ ಹುಯ್ದದ್ದು. ಅದನ್ನು ಉಳಿಯಲ್ಲಿ ಹೊಡೆದು ಕೆಡವಿದ್ದಾರೆ. ಅಲ್ಲೀಗ ಕಾರ್ಖಾನೆಯ ಚೌಕ ಟೈಲ್ಸ್, ಬಚ್ಚಲುಮನೆಗೆ ಅಂಟಿಸಿದ ಹಾಗೆ! ನೋಡಿದರೆ ಮೈ ಉರಿಯುತ್ತದೆ.

ಕಚೇರಿಗೆ ಹೋಗಿ ಕೂಗಾಡಿದೆ.

“ನೀವೇ ಹೇಳಿದ್ರಲ್ಲ ಉಸ್ತಾದ್?” ಎಂದ ಅರ್ದವಾನ್, ಕಣ್ಣು ಬಿಟ್ಟುಕೊಂಡು.

“ನಾನು ಹೇಳಿದೆ. ನೀನು ನಂಬಿಬಿಟ್ಯಾ?”

“ಆ ದ್ವಾರದ ಕೆಲಸದಲ್ಲೇ ಅರ್ಧ ವಯಸ್ಸು ಕಳೆದವರು ನೀವು. ನಿಮ್ಮನ್ನ ನಂಬದೆ ಇನ್ಯಾರನ್ನ ನಂಬಲಿ?”

ಅವನ ಮೇಲಧಿಕಾರಿಯ ಹತ್ತಿರ ನಾಲ್ಕು ಸಲ ಅಲೆದೆ. ಅವರು ಅಪ್ಪಟ ಇಸ್ಫಹಾನಿನವರು. ಟೀ ಕೊಟ್ಟರು, ಪಿಸ್ತಾ ಹಾಕಿದ ಗಝ್ ಮಿಠಾಯಿ ಕೊಟ್ಟರು. “ನಿಮ್ಮ ಮಾತು ನಮಗೆ ಆಜ್ಞೆ ಉಸ್ತಾದ್, ನಾಳೆನೇ ಮಾಡಿಸಿಕೊಡೋಣ” ಅಂದು ನಾಲ್ಕು ಸಲವೂ ಮೆಟ್ಟಿಲವರೆಗೆ ಬಂದು ಕಳಿಸಿದರು. ಒಂದು ಹುಲ್ಲುಕಡ್ಡಿಯನ್ನೂ ಈ ಕಡೆಯಿಂದ ಆ ಕಡೆಗೆ ಇಡಲಿಲ್ಲ.

ಮನೆಯಲ್ಲಿ ನಿನ್ನ ಅಮ್ಮ ಬೇರೆ. “ಟೀ ಬೇಕಾ ಅಂದ್ರೆ ಮೂರು ಸಲ ಬೇಡ ಅಂದು, ನಾಲ್ಕನೇ ಸಲಕ್ಕೆ ಎರಡು ಲೋಟ ಕುಡಿಯೋರು ನೀವು. ಆ ಜರ್ಮನಿ ಹುಡುಗನಿಗೆ ಇದೆಲ್ಲ ಏನ್ರೀ ಗೊತ್ತು? ನಮ್ಮ ಮಗಳ ಕೆಲಸ ಚೆನ್ನಾಗಿದೆ ಅಂತ ಒಂದು ಮಾತು ಹೇಳಿದ್ದಿದ್ರೆ ನಿಮ್ಮ ನಾಲಿಗೆ ಸವೆದುಹೋಗ್ತಿತ್ತಾ?” ನಾನು ಚಪ್ಪಲಿ ಮೆಟ್ಟಿ ಹೊರಗೆ ಹೋದೆ.

ಕಸದ ಗಾಡಿ ಬರುವ ಮುಂಚೆ ಒಂದು ಚೀಲದಷ್ಟು ಬಿಲ್ಲೆ ಆರಿಸಿ ತಂದಿದ್ದೇನೆ. ಮುಕ್ಕಾಲು ಪಾಲು ಒಡೆದಿವೆ. ನೀನು ಹಬ್ಬಕ್ಕೆ ಬಾ, ಬರದೇ ಇರಬೇಡ. ಅತ್ತೆಯವರ ಮುಂದೆ ನಾನೇ ಹೇಳುತ್ತೇನೆ, ಇಲ್ಲಿ ನನ್ನ ಮಗಳ ಫಲಕವಿತ್ತು ಎಂದು. ಅಳಿಯಂದಿರಿಗೆ, ಮಕ್ಕಳಿಗೆ ನನ್ನ ಪ್ರೀತಿ ತಿಳಿಸು. ನಿನ್ನ ಕೈ, ನಿನ್ನ ಕಣ್ಣು ನೂರು ವರ್ಷ ಚೆನ್ನಾಗಿರಲಿ.

ನಿನ್ನ ಅಪ್ಪ,
ಅಸದುಲ್ಲಾ

ಮರೆತ ಮಾತು: ಮರೆತದ್ದಲ್ಲ, ಬಿಟ್ಟದ್ದು. ನಿನ್ನ ಅಮ್ಮನಿಗೂ ಹೇಳಿಲ್ಲ. ಅರ್ದವಾನ್ ಪುಸ್ತಕ ತೆಗೆಯುವ ಮುಂಚೆ ಇನ್ನೊಂದು ಸಲ ಕೇಳಿದ್ದ. “ಸರಿಯಾಗಿ ನೋಡಿ ಹೇಳಿ ಉಸ್ತಾದ್. ನನಗೆ ಇಡೀ ದ್ವಾರದಲ್ಲಿ ಜೀವ ಇರೋದು ಇದೊಂದರಲ್ಲೇ ಅನ್ಸುತ್ತೆ. ಇದನ್ನ ಉಳಿಸಬೇಕು ಅಂತಿದ್ದೆ.” ಮರ್ಯಾದೆಗೆ ಕೇಳುತ್ತಿಲ್ಲ, ನಿಜವಾಗಿಯೇ ಕೇಳುತ್ತಿದ್ದಾನೆ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. “ತೆಗೆದ್ರೂ ನಷ್ಟವಿಲ್ಲ” ಎಂದೆ. ಉಳಿದ ಆರು ಫಲಕಗಳೂ ನನ್ನವು, ಗೊಲಂದಾಮ್. ಅವನು ಅವುಗಳ ಮುಂದೆ ಒಂದು ಗಳಿಗೆಯೂ ನಿಂತಿರಲಿಲ್ಲ.