ಬಲಗಡೆಯ ಹೊಲಿಗೆ

ಅಂಗಡಿಯಿಂದ,
ಗುರುವಾರ, ತಾರೀಕು ಹದಿನೇಳು,
ಬೆಳಗಿನ ಹನ್ನೊಂದು ಗಂಟೆ

ಪ್ರೀತಿಯ ಉಂಡೆಗೆ,

ಅಪ್ಪ ತುಂಬು ಮನಸ್ಸಿನಿಂದ ಹರಸಿ ಬರೆಯುವುದು. ಹೇಗಿದ್ದೀಯಮ್ಮಾ? ಕತ್ತು ನೋವು ಇಳಿಯಿತೇ? ದಿನವಿಡೀ ಲಿಫ್ಟು ರಿಪೇರಿಗೆಂದು ಅದರ ಬಾವಿಯಲ್ಲಿ ನಿಂತು ಮೇಲೆ ನೋಡುತ್ತಿದ್ದರೆ ಕತ್ತು ನೋಯದೆ ಇನ್ನೇನಾದೀತು. ಬಿಸಿನೀರಿನ ಶಾಖ ಕೊಡು, ಸರಿಯಾಗಿ ಊಟ ಮಾಡು, ನಿಂತುಕೊಂಡೇ ತಿಂದು ಓಡಬೇಡ. ದೊಡ್ಡವಳಾದ ಮೇಲೆ ಉಂಡೆ ಎಂದು ಕರೆಯಬಾರದೆಂದು ನೀನು ತಾಕೀತು ಮಾಡಿದ್ದೀಯ, ನೆನಪಿದೆ. ಆದರೆ ಈ ಅಂಗಡಿಯ ನೆಲದ ಮೇಲೆ ದಾರದ ಉಂಡೆಗಳ ನಡುವೆ ನೀನೂ ಒಂದು ಉಂಡೆಯಾಗಿ ಉರುಳಾಡಿದ್ದನ್ನು ಕಂಡವನು ನಾನು. ಸ್ವಲ್ಪ ಸಹಿಸಿಕೋ. ಫೋನಿರುವಾಗ ಪತ್ರ ಏಕೆಂದು ನಗಬೇಡ. ಫೋನಿನಲ್ಲಿ ನೀನು ಮಾತಾಡುತ್ತೀಯ, ನಾನು ಹೂಂ ಎನ್ನುತ್ತೇನೆ, ಅಷ್ಟರಲ್ಲಿ ಮುಗಿದುಹೋಗುತ್ತದೆ. ಈ ಪತ್ರವನ್ನು ನಿನ್ನ ಬೈಕಿನ ಚರ್ಮದ ಸೂಟಿನ ಜೊತೆಗೇ ಇಟ್ಟು ನಾಲ್ಕು ಗಂಟೆಯ ಬಸ್ಸಿಗೆ ಹಾಕುತ್ತೇನೆ. ನಾಳೆ ನಿನ್ನ ಕೈಸೇರಬೇಕು. ಭಾನುವಾರ ನೀನು ರೇಸ್ ಟ್ರ್ಯಾಕಿಗೆ ಬೈಕು ಇಳಿಸುವ ಮುಂಚೆ ಒಂದು ದಿನವಾದರೂ ಅದನ್ನು ಹಾಕಿಕೊಂಡು ಮನೆಯೊಳಗೆ ಓಡಾಡಿ ನೋಡು.

ಸೂಟಿನ ಕೆಲಸ ಮುಗಿದಿದೆ. ಮೂವತ್ತೊಂದು ವರ್ಷದಿಂದ ಗಾಡಿಗಳ ಸೀಟು ಹೊಲಿದ ಕೈ ಇದು, ಮನುಷ್ಯರ ಮೈಗೆ ಚರ್ಮ ಹೊಲಿದಿದ್ದು ಇದೇ ಮೊದಲು. ಅಳತೆಗೆ ಸರಿಮಾಡಲು ನೀನು ಕಳಿಸಿದ ಪಾರ್ಸಲ್ ಬಿಚ್ಚಿದ ದಿನ ಎತ್ತಿ ನೋಡಿದರೆ ಅದೇ ಒಬ್ಬ ಆಳಿನ ಭಾರ. ಬೆನ್ನ ಮೇಲೊಂದು ಗೂನು, ಮೊಣಕಾಲಿಗೆ ಸಾಬೂನಿನ ಬಿಲ್ಲೆಯಂಥ ಪ್ಲಾಸ್ಟಿಕ್ ತುಂಡು. ಆ ತುಂಡು ಯಾಕೆಂದು ಕೇಳಿದಾಗ ನೀನು ಎಷ್ಟು ಸಲೀಸಾಗಿ ಹೇಳಿಬಿಟ್ಟೆ, "ಅಪ್ಪಾ, ತಿರುವಲ್ಲಿ ಬಗ್ಗಿದಾಗ ಮೊಣಕಾಲು ರಸ್ತೆಗೆ ತಾಗತ್ತಲ್ಲ, ಅದಕ್ಕೆ." ನೀನು ನಡೆಯಲು ಕಲಿಯುವಾಗ ಮೊಣಕಾಲು ನೆಲಕ್ಕೆ ತಾಗಬಾರದೆಂದು ನಾವಿಬ್ಬರೂ ಬಗ್ಗಿ ಬಗ್ಗಿ ಸೊಂಟ ನೋಯಿಸಿಕೊಂಡಿದ್ದೆವು. ಈಗ ದುಡ್ಡು ಕಟ್ಟಿ ತಾಗಿಸಲು ಹೊರಟಿದ್ದೀಯ. ಒಳ್ಳೆಯದು.

ಯಾರೋ ಹಾಕಿ ಮಾರಿದ ಹಳೆಯ ಸೂಟು ತಾನೇ ಎಂದು ನೀನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ, ಆದರೆ ನಾನು ಬೆಳಕಿಗೆ ಹಿಡಿದು ನೋಡಿದೆ. ಬಲಭುಜದಿಂದ ಮೊಣಕೈವರೆಗೆ ಚರ್ಮ ಬೂದಿ ಬಣ್ಣಕ್ಕೆ ತಿರುಗಿದೆ, ಸೊಂಟದ ಹತ್ತಿರ ಅಂಗೈಯಗಲ ಸವೆದಿದೆ. ಮೊದಲು ಭುಜ ನೆಲಕ್ಕೆ ಬಿದ್ದಿದೆ, ಆಮೇಲೆ ಸೊಂಟ, ಆಮೇಲೆ ಜಾರಿಕೊಂಡು ಹೋಗಿದ್ದಾನೆ. ಎಲ್ಲಿ ತಿರುಗಿದ, ಎಲ್ಲಿ ನಿಂತ ಎಂಬುದೂ ಗೀರುಗಳ ದಿಕ್ಕು ನೋಡಿದರೆ ತಿಳಿಯುತ್ತದೆ. ನಿನ್ನನ್ನು ಕೇಳಿದರೆ, "ಅಯ್ಯೋ, ಆ ಮನುಷ್ಯ ಎದ್ದು ನಡ್ಕೊಂಡು ಬಂದ ಅಪ್ಪಾ, ಸೂಟು ಅದರ ಕೆಲಸ ಮಾಡ್ತು ಅಂತ ಅರ್ಥ" ಎಂದೆ. ಇರಬಹುದು. ಆದರೆ ನನ್ನ ಕಸುಬೇ ಹಾಗೆ. ಬಿದ್ದ ಗಾಡಿಗಳ ಹರಿದ ಸೀಟು ನನ್ನ ಬಳಿಗೆ ಬರುತ್ತದೆ, ಬಿದ್ದವರು ಬರುವುದಿಲ್ಲ. ಅಣ್ಣನೋ ತಮ್ಮನೋ ತಂದು ಇಳಿಸಿ, ಹೊಸದು ಹಾಕಿ ಎಂದು ಹೇಳಿ ಆ ಕಡೆ ಮುಖ ಮಾಡಿ ನಿಲ್ಲುತ್ತಾರೆ. ಇಷ್ಟು ವರ್ಷದಲ್ಲಿ ಒಬ್ಬರನ್ನೂ ನಾನು ಏನಾಯಿತೆಂದು ಕೇಳಿಲ್ಲ. ಕೇಳದೆ ಉಳಿಸಿಕೊಂಡಿದ್ದೆಲ್ಲ ಸೂಟು ಬಂದ ಈ ಹನ್ನೊಂದು ದಿನದಲ್ಲಿ ಒಟ್ಟಿಗೇ ಬಂದು ಎದೆಯ ಮೇಲೆ ಕೂತಿದೆ.

ನೀನು ಕಳಿಸಿದ, ಟ್ರ್ಯಾಕಿನವರ ನಿಯಮಗಳ ಹಾಳೆಯನ್ನು ಎದುರಿನ ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟು ಹಾಕಿಸಿ ಮಷಿನ್ನಿನ ಎದುರು ಗೋಡೆಗೆ ಅಂಟಿಸಿದ್ದೆ. ಅದೇ ನಾನು ಮಾಡಿದ ತಪ್ಪು. ಹೆದರುವವರ ಮೇಲೆ ಹಾವು ಎಸೆದಂತಾಯಿತು. ಕನ್ನಡಿ ಬಿಚ್ಚಿಡಬೇಕು. ದೀಪಗಳಿಗೆ ಟೇಪು ಸುತ್ತಬೇಕು, ಬಿದ್ದರೆ ಗಾಜು ಚೆಲ್ಲಬಾರದು. ಆಯಿಲ್ ಬೋಲ್ಟಿಗೆ ತಂತಿ ಕಟ್ಟಬೇಕು, ಬಿದ್ದರೆ ಎಣ್ಣೆ ಸೋರಬಾರದು. ರಕ್ತದ ಗುಂಪು ಬರೆದಿರಬೇಕು. ಸೂಟಿನ ಹೊಲಿಗೆಗಳನ್ನು ಅವರ ಕಡೆಯವನೊಬ್ಬ ಕೈಯಿಂದ ಎಳೆದು ನೋಡುತ್ತಾನೆ, ಬಿಚ್ಚಿಕೊಂಡರೆ ಒಳಗೆ ಬಿಡುವುದಿಲ್ಲ. ಎಲ್ಲವೂ ಬಿದ್ದರೆ, ಬಿದ್ದರೆ, ಬಿದ್ದರೆ. ಬೀಳದ ಹಾಗೆ ಏನು ಮಾಡಬೇಕೆಂದು ಆ ಪುಣ್ಯಾತ್ಮರು ಒಂದು ಸಾಲೂ ಬರೆದಿಲ್ಲ. ಕನ್ನಡಿ ಬಿಚ್ಚಿದರೆ ಹಿಂದಿನಿಂದ ಬರುವವರು ಹೇಗೆ ಕಾಣುತ್ತಾರೆ ಎಂದು ಕೇಳಿದ್ದಕ್ಕೆ, "ಹಿಂದೆ ಇರೋರು ನನ್ನನ್ನ ನೋಡ್ಕೋತಾರೆ, ನಾನು ಮುಂದೆ ಮಾತ್ರ ನೋಡ್ಬೇಕು" ಎಂದೆ. ಯಾರೋ ಗುರುತಿಲ್ಲದವರು ಹಿಂದಿನಿಂದ ನನ್ನ ಮಗಳನ್ನು ನೋಡಿಕೊಳ್ಳುತ್ತಾರಂತೆ. ಅಂದು ಊಟ ಸೇರಲಿಲ್ಲ ನನಗೆ.

ಕೊನೆಯಲ್ಲಿ ಇನ್ನೊಂದು ಸಾಲಿತ್ತು: ಅವಘಡವಾದರೆ ಯಾರಿಗೆ ತಿಳಿಸಬೇಕು. ಅದರ ಮುಂದೆ ನೀನು ನನ್ನ ನಂಬರು ಬರೆದಿದ್ದೀಯ. ನಿನ್ನ ಅಮ್ಮನಿಗೆ ಅದೇ ಸಿಟ್ಟು, ಹೆತ್ತವಳು ನಾನು, ನನ್ನ ನಂಬರು ಯಾಕಿಲ್ಲ ಎಂದು. ನನಗೋ, ಆ ಹೊತ್ತಿನಿಂದ ಜೇಬಿನಲ್ಲಿರುವ ಫೋನು ಹಾವಿನ ಮರಿಯಾಗಿದೆ. ಗಿರಾಕಿಗಳು ಕರೆ ಮಾಡಿ ಸೀಟು ಆಯಿತೇ ಎಂದು ಕೇಳಿದರೂ ಎದೆ ಧಸಕ್ಕೆನ್ನುತ್ತದೆ. ಇವತ್ತಿನ್ನೂ ಗುರುವಾರ, ನೀನಿನ್ನೂ ಗಾಡಿಯನ್ನೇ ಹತ್ತಿಲ್ಲ, ಅದು ನನಗೆ ಗೊತ್ತು. ಗೊತ್ತಿದ್ದರೂ ಪ್ರತಿ ಸಲ ನಂಬರು ಎರಡು ಬಾರಿ ನೋಡಿಯೇ ಎತ್ತುತ್ತೇನೆ.

ಅಮ್ಮನ ವಿಷಯ ಹೇಳದಿದ್ದರೆ ಅವಳು ನನ್ನನ್ನು ಬಿಡುವುದಿಲ್ಲ. ಸೂಟಿನ ಸೊಂಟ ನಿನ್ನ ಅಳತೆಗಿಂತ ಎರಡೂವರೆ ಬೆರಳು ದೊಡ್ಡದಿತ್ತಲ್ಲ. ಮೈಮೇಲೆ ಇಟ್ಟು ಗುರುತು ಹಾಕದೆ ಚರ್ಮಕ್ಕೆ ಕತ್ತರಿ ಹಾಕುವಂತಿಲ್ಲ. ನಿನ್ನ ಎತ್ತರ, ನಿನ್ನ ಸೊಂಟ ಇರುವವಳು ಇಡೀ ಬೀದಿಯಲ್ಲಿ ಅವಳೊಬ್ಬಳೇ. ಅಂಗಡಿಯ ಹಿಂದಿನ ಕೋಣೆಯಲ್ಲಿ ಅರ್ಧ ಗಂಟೆ ಗುದ್ದಾಡಿ ಅದರೊಳಗೆ ಹೊಕ್ಕು ಹೊರಗೆ ಬಂದಳು. ನೇರ ನಿಲ್ಲಲು ಬರುವುದಿಲ್ಲ, ಕೂರಲು ಬರುವುದಿಲ್ಲ, ಎರಡು ಕೈ ಅಗಲಿಸಿಕೊಂಡು ಬಾಗಿಲಲ್ಲಿ ನಿಂತಿದ್ದಾಳೆ. ಪಕ್ಕದ ಪಂಕ್ಚರ್ ಅಂಗಡಿಯವನು ಟ್ಯೂಬು ಕೈಯಲ್ಲಿ ಹಿಡಿದೇ ಎದ್ದು ನಿಂತು, "ಅಕ್ಕಾ, ಚಂದ್ರನ ಮೇಲೆ ಹೋದ್ರೆ ನಮಗೂ ಒಂದು ಸೀಟು ಇಟ್ಟಿರಿ" ಎಂದ. ಅವಳು ನಕ್ಕು ನಕ್ಕು ಕಣ್ಣಲ್ಲಿ ನೀರು ತಂದುಕೊಂಡಳು. ನಾನು ಸೊಂಟದ ಬಳಿ ಸೀಮೆಸುಣ್ಣದಿಂದ ಗೆರೆ ಎಳೆಯುತ್ತಿದ್ದೆ. ಆಗ ಮೆಲ್ಲಗೆ, ನನಗೊಬ್ಬನಿಗೇ ಕೇಳುವಂತೆ, "ಇದರೊಳಗೆ ಯಾರೋ ಗಟ್ಟಿಯಾಗಿ ಅಪ್ಪಿಕೊಂಡಿರೋ ಹಾಗಿದೆ ರೀ, ಹೋಗ್ಲಿ ಬಿಡಿ, ಮಗು ಹೋಗಿ ಬರ್ಲಿ" ಎಂದಳು. ಅವಳು ಅಷ್ಟು ಸುಲಭವಾಗಿ ಒಪ್ಪಿದ್ದು ನೋಡಿ ನನಗೆ ಅವಳ ಮೇಲೇ ಕೋಪ ಬಂತು. ಇಬ್ಬರೂ ಹೆದರಿದ್ದರೆ ಎಷ್ಟೋ ಹಗುರವಾಗಿರುತ್ತಿತ್ತು. ಈಗ ಪೂರ್ತಿ ಹೊರೆ ನನ್ನೊಬ್ಬನದು.

ನೀನು ಯಾಕೆ ಹೋಗುತ್ತಿದ್ದೀಯ ಎಂಬುದು ನನಗೆ ಅರ್ಥವಾಗದೆ ಇಲ್ಲ. "ರಸ್ತೆ ತುಂಬ ಬಸ್ಸು, ನಾಯಿ, ಹಳ್ಳ. ಅಲ್ಲಿ ಅವ್ಯಾವೂ ಇಲ್ಲ. ನನ್ನ ಬೈಕು ನಿಜವಾಗ್ಲೂ ಎಷ್ಟು ಬಗ್ಗತ್ತೆ ಅಂತ ಒಂದ್ಸಲ ತಿಳ್ಕೋಬೇಕು ಅಪ್ಪಾ" ಎಂದು ನೀನು ಹೇಳಿದಾಗ ನನಗೆ ನಾನೇ ನೆನಪಾದೆ. ಹೊಸ ಮಷಿನ್ನು ಬಂದ ವಾರ, ಎಷ್ಟು ಪದರ ಚರ್ಮ ಹೊಲಿಯುತ್ತದೆ ನೋಡೋಣ ಎಂದು ಒಂದರ ಮೇಲೊಂದು ಇಡುತ್ತ ಹೋಗಿ ಸೂಜಿ ಮುರಿದು ಹುಬ್ಬಿಗೆ ಚುಚ್ಚಿಸಿಕೊಂಡವನು ನಾನು. ಬೀಜದಂತೆ ಮರ. ಲಿಫ್ಟಿನ ಕೆಲಸಕ್ಕೆ ನೀನು ಸೇರಿದಾಗಲೂ ಹೀಗೇ ನಿದ್ದೆಗೆಟ್ಟಿದ್ದೆ. ಆಗ ನೀನು ಹೇಳಿದ ಮಾತು ಈಗಲೂ ಕಿವಿಯಲ್ಲಿದೆ, "ಹಗ್ಗ ನನ್ನ ಕೈಯಲ್ಲೇ ಮುಟ್ಟಿ ನೋಡದೆ ನಾನು ಒಬ್ಬರನ್ನೂ ಹತ್ತಿಸಲ್ಲ ಅಪ್ಪಾ." ಆ ಮಾತಿಗೇ ನನಗೆ ನಿದ್ದೆ ಬಂದಿತ್ತು. ಈ ಸಲ ಅದೇ ಮಾತು ನನ್ನನ್ನು ಚುಚ್ಚುತ್ತಿದೆ.

ಬುದ್ಧಿಮಾತು ಎರಡೇ. ಮೊದಲ ಸುತ್ತಿನಲ್ಲಿ ಯಾರಾದರೂ ಮುಂದೆ ಹೋದರೆ ಹೋಗಲಿ ಬಿಡು, ಅವರ ಅಪ್ಪಂದಿರು ಅವರ ಚಿಂತೆ ಮಾಡಲಿ. ಸುಸ್ತಾದರೆ ಸುಸ್ತಾಯಿತು ಎಂದು ಬಾಯಿಬಿಟ್ಟು ಹೇಳಿ ಹೊರಗೆ ಬಾ. ಕಟ್ಟಿದ ಹಣ ದಂಡವಾಗುತ್ತದೆ ಎಂದು ಕೊನೆಯ ಸುತ್ತಿಗೆ ಇಳಿಯಬೇಡ.

ಅಮ್ಮ ಎರಡು ಜೊತೆ ಹತ್ತಿಯ ಕಾಲುಚೀಲ ಇಟ್ಟಿದ್ದಾಳೆ, ಬೂಟಿನೊಳಗೆ ಕಾಲು ಉಜ್ಜದಿರಲಿ ಎಂದು. ಪಂಕ್ಚರ್ ಅಂಗಡಿಯವನು ಚಕ್ರದ ಗಾಳಿಯನ್ನು ಅಲ್ಲಿಯೇ, ಗಾಡಿ ಬಿಸಿಯಾಗುವ ಮುಂಚೆಯೇ ನೋಡಿಸಬೇಕೆಂದು ನಿನಗೆ ನೂರು ಸಲ ಹೇಳಲು ಹೇಳಿದ್ದಾನೆ. ನಿನ್ನ ಮೈಗೆ ಒಂದು ಗೀರೂ ಆಗದಿರಲಿ, ಹೋದ ಹಾಗೆಯೇ ನಗುತ್ತ ಬಾ.

ಇಂತು ನಿನ್ನ ಹೆದರುಪುಕ್ಕಲ,
ಅಪ್ಪ

ಮತ್ತೆ: ಬಸ್‌ಸ್ಟ್ಯಾಂಡಿನ ಪಾರ್ಸಲ್ ಕಟ್ಟೆಯ ಮೇಲೆ ಇಟ್ಟು ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಕ್ಷಮಿಸು. ಅಂಗಡಿಯಲ್ಲಿ ಕೂತು ಇಷ್ಟುದ್ದ ಬರೆದರೂ ಬರೆಯಬೇಕಾದ್ದನ್ನು ಬರೆಯಲಿಲ್ಲ. ಶನಿವಾರ ನಾನು ಆ ಸೂಟಿನ ಬಲಗಡೆಯನ್ನು ಹತ್ತಿದಾರದಲ್ಲಿ, ಒಂದೇ ಸಾಲು, ಉದ್ದುದ್ದ ಹೊಲಿಗೆ ಹಾಕಿ ಹೊಲಿದೆ. ಕೈತಪ್ಪಿ ಅಲ್ಲ, ಬೇಕೆಂದೇ. ಎಳೆದು ನೋಡುವವನ ಕೈಗೆ ಅದು ಬಿಚ್ಚಿಕೊಳ್ಳಲಿ, ನಿನ್ನನ್ನು ವಾಪಸು ಕಳಿಸಲಿ ಎಂದು. ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ. ನಾಲ್ಕು ರಾತ್ರಿ ಹಾಯಾಗಿ ನಿದ್ದೆ ಮಾಡಿದೆ ಕೂಡ. ನಿನ್ನೆ ಪೆಟ್ಟಿಗೆಗೆ ಹಾಕುವಾಗ ಹೊಳೆಯಿತು, ನೂರು ಜನರ ಸೂಟು ನೋಡುವವನು ನಿನ್ನದನ್ನು ಸುಮ್ಮನೆ ತಟ್ಟಿ ಒಳಗೆ ಬಿಟ್ಟರೆ? ಆಗಲೇ ಕತ್ತರಿ ಎತ್ತಿಕೊಂಡೆ. ಎಲ್ಲ ಬಿಚ್ಚಿದೆ. ಚರ್ಮದಲ್ಲಿ ಬಿದ್ದ ಸೂಜಿತೂತು ಮತ್ತೆ ಮುಚ್ಚುವುದಿಲ್ಲ, ಅದಕ್ಕೇ ಆ ತೂತುಗಳ ಸಾಲನ್ನೇ ಕತ್ತರಿಸಿ ತೆಗೆದು, ಒಳಗೊಂದು ಪಟ್ಟಿ ಕೊಟ್ಟು, ನೈಲಾನ್ ದಾರದಲ್ಲಿ ಮೂರು ಸಾಲು ಹೊಲಿದಿದ್ದೇನೆ. ಬಲಗಡೆ ಸ್ವಲ್ಪ ಬಿಗಿಯೆನಿಸಿದರೆ ಕಾರಣ ಅದು. ನನಗೆ ಗೊತ್ತಿರುವ ಮಟ್ಟಿಗೆ ಗಟ್ಟಿಯಾಗಿದೆ. ಆದರೆ ಒಮ್ಮೆ ಮೋಸ ಮಾಡಿದ ಕೈ ಇದು. ಅದನ್ನು ನಂಬಬೇಡ. ಅವರು ಎಳೆದು ನೋಡುವವರೆಗೂ ಕಾಯಬೇಡ. ನಾಳೆಯೇ ಒಂದು ತುದಿ ಕಾಲಿನಿಂದ ಮೆಟ್ಟಿ, ಎರಡೂ ಕೈ ಹಾಕಿ, ಇದ್ದಬದ್ದ ಶಕ್ತಿಯೆಲ್ಲ ಬಿಟ್ಟು ಎಳೆ. ಒಂದು ಎಳೆ ಸಡಿಲಾದರೂ ಅದನ್ನು ಹಾಕಿಕೊಳ್ಳಬೇಡ. ಹೊಲಿಗೆ ಗಟ್ಟಿಯಾಗಿ ನಿಂತರೆ ಹಾಕಿಕೊಂಡು ಹೋಗು. ಎಳೆದು ನೋಡಿದ ಮೇಲೆ ಒಂದು ಫೋನು ಮಾಡಮ್ಮಾ, ಬೈಯುವುದಕ್ಕಾದರೂ ಸರಿ.