ಕಾವೇರಿಗೆ ಒಂದು ಹಿಡಿ ಉಪ್ಪು

ನೀರು ಸರಬರಾಜು ಯೋಜನೆಯ ಮಾನ್ಯ ಅಧಿಕಾರಿಗಳೇ,

ನಮ್ಮೂರ ಬೋರಿಂಗಿನ ಹಿಡಿಯನ್ನು ಬಿಚ್ಚಿಕೊಂಡು ಹೋದವರು ನೀವು, ಅದೀಗ ಎಲ್ಲಿದೆ? ಕೊಳ್ಳೇಗಾಲದ ಕಚೇರಿಗೆ ಬಂದು ಕೇಳಿದರೆ ‘ಸಾಹೇಬರು ಸೈಟಿಗೆ ಹೋಗಿದ್ದಾರೆ’ ಎನ್ನುತ್ತಾರೆ. ಆ ಸೈಟಿನಲ್ಲೇ ವಾಸವಾಗಿರುವವರು ನಾವು, ನಮಗಂತೂ ತಮ್ಮ ದರ್ಶನವಾಗಿಲ್ಲ. ಅದಕ್ಕೇ ನಾಲ್ಕು ಜನಕ್ಕೆ ಕೇಳುವಂತೆ ಬರೆಯುತ್ತಿದ್ದೇನೆ.

ಕಾವೇರಿಯ ನಡುವೆ ಇರುವ ನಮ್ಮೂರನ್ನು ನಾವು ನಡುಗಡ್ಡೆ ಎನ್ನುತ್ತೇವೆ. ನಿಮ್ಮ ಕಡತ ಅದನ್ನು ದ್ವೀಪ ಎಂದು ಬರೆದುಕೊಂಡಿತು. ದ್ವೀಪವೆಂದ ಮೇಲೆ ಸುತ್ತ ಸಮುದ್ರ, ಸಮುದ್ರವೆಂದ ಮೇಲೆ ಉಪ್ಪುನೀರು. ಬಂದೇ ಬಿಟ್ಟಿತು, ಬಿಸಿಲಿನಿಂದ ನಡೆದು ಉಪ್ಪು ತೆಗೆಯುವ ಯಂತ್ರ! ಇದು ಬರೀ ಪದದ ಎಡವಟ್ಟು ಎಂದು ನಂಬಲು ನನಗೂ ಆಸೆಯೇ. ಆದರೆ ಯಾವುದೋ ಕಡಲ ತೀರಕ್ಕೆಂದು ತರಿಸಿದ್ದನ್ನು ಅಲ್ಲಿ ಬೇಡವೆಂದಾಗ ನಮ್ಮ ತಲೆಗೆ ಕಟ್ಟಿದಿರೋ ಎಂಬ ಗುಮಾನಿ ಹೋಗುತ್ತಿಲ್ಲ. ಬಂದವರಲ್ಲಿ ಒಬ್ಬರಾದರೂ ನಮ್ಮ ನೀರನ್ನು ಒಂದು ಗುಟುಕು ಕುಡಿದು ನೋಡಿದರೇ?

ಉದ್ಘಾಟನೆಯ ದಿನ ನಿಮ್ಮ ಇಂಜಿನಿಯರು ನಮ್ಮ ಮನೆ ಬಾಗಿಲಿಗೆ ಬಂದು, “ಒಂದು ಹಿಡಿ ಉಪ್ಪು ಕೊಡಮ್ಮ, ಯಂತ್ರದ ಕೆಲಸ ತೋರಿಸಬೇಕು” ಎಂದರು. ನನ್ನ ಹೆಂಡತಿ ಸುವರ್ಣಮ್ಮ ಕೊಟ್ಟಳು. ಕೊಟ್ಟು ಕೇಳಿದಳು: “ಅಲ್ಲ ಸಾ, ನೀರಲ್ಲಿ ಉಪ್ಪೇ ಇಲ್ಲ ಅಂದ್ಮೇಲೆ ಈ ಮಿಷಿನ್ನು ಯಾತುಕ್ಕೆ?” ಅವರು ನಕ್ಕು, ನಮ್ಮ ಉಪ್ಪನ್ನು ನಮ್ಮ ಸಿಹಿನೀರಿನಲ್ಲೇ ಕದಡಿ, ಮತ್ತೆ ತೆಗೆದು ತೋರಿಸಿದರು. ಚಪ್ಪಾಳೆಯೋ ಚಪ್ಪಾಳೆ.

ಅದೂ ಹೋಗಲಿ. ಹಿಡಿ ಉಪ್ಪನ್ನು ನಾವೇ ಕೊಟ್ಟೆವು. ಬೋರಿಂಗಿನ ಹಿಡಿಯನ್ನು ನೀವು ಕೇಳದೆಯೇ ತೆಗೆದುಕೊಂಡಿರಿ. ಹೊಳೆ ಉಕ್ಕಿದಾಗ ಊರೆಲ್ಲ ಹತ್ತಿ ಕೂರುವ ದಿಣ್ಣೆಯ ಮೇಲಿನ ಒಂದೇ ಬೋರಿಂಗು ಅದು. ಅದನ್ನು ಮುಚ್ಚಿ, ಕೊಳವೆಯನ್ನು ಯಂತ್ರಕ್ಕೆ ಜೋಡಿಸಿದಿರಿ. ಈ ಆಷಾಢದಲ್ಲಿ ಹೊಳೆ ಬಂತು. ಹೊಳೆ ಬರುವುದು ಮೋಡ ಕವಿದಾಗಲೇ ಅಲ್ಲವೇ ಸ್ವಾಮಿ? ಬಿಸಿಲಿಲ್ಲದೆ ಯಂತ್ರ ಒಂದು ಹನಿಯನ್ನೂ ಮೇಲೆತ್ತಲಿಲ್ಲ. ಕಾಲಡಿ ಸಿಹಿನೀರು ಇಟ್ಟುಕೊಂಡು ಹೊಳೆಯ ಕೆಸರುನೀರನ್ನು ಬಟ್ಟೆಯಲ್ಲಿ ಸೋಸಿ ಕುಡಿದೆವು. ಕಾಯಿಸೋಣವೆಂದರೆ ಒಣ ಸೌದೆ ಇರಲಿಲ್ಲ. ಮೊಮ್ಮಗಳು ನಾಗಶ್ರೀಗೆ ವಾಂತಿಭೇದಿ ಹತ್ತಿತು. ತೆಪ್ಪದ ಪುಟ್ಟಸಿದ್ದಯ್ಯ, “ಸೆಳವು ಜೋರಾಗಿ ಅದೆ ಕಣಣ್ಣ, ಆದ್ರೂ ಮಗಾ ನೋಡ್ಕಂಡು ಎಂಗ್ ಸುಮ್ನಿರಾದು, ಕೂತ್ಕೊ” ಎಂದು ದಾಟಿಸದಿದ್ದರೆ ಆ ಮಗು ಇವತ್ತು ಇರುತ್ತಿರಲಿಲ್ಲ. ನನಗೆ ಸಿಟ್ಟು ಬಂದಿದೆ, ಮುಚ್ಚಿಡುವುದಿಲ್ಲ.

ಯಂತ್ರ ನಿಮ್ಮದು, ಕೊಂಡೊಯ್ಯಿರಿ. ಮುಂದಿನ ಹೊಳೆ ಬರುವ ಮೊದಲು ಬೋರಿಂಗಿನ ಹಿಡಿಯನ್ನು ತಂದು ಹಾಕಿಸಿ. ಇಲ್ಲವಾದರೆ ಹೊಳೆ ಉಕ್ಕಿದ ದಿನ ತಾವೇ ದಿಣ್ಣೆಗೆ ಬನ್ನಿ. ಉಪ್ಪು ತಿಂದವನು ನೀರು ಕುಡಿಯಲೇಬೇಕು ಎಂಬ ಗಾದೆಯಿದೆ. ಉಪ್ಪು ನಮ್ಮ ಮನೆಯದು. ನೀರನ್ನೂ ಸುವರ್ಣಮ್ಮ ಸೋಸಿ ಕೊಡುತ್ತಾಳೆ.

ಇಂತಿ,
ನಿಮ್ಮ ಕಡತದಲ್ಲಿ ದ್ವೀಪವಾಸಿಯಾದ
ನಡುಗಡ್ಡೆಯ ಷಡಕ್ಷರಿ
ಶ್ರಾವಣ, 1997